ಹಿಂದಕ್ಕೆ ನಡೆಯುವವನ ಅಂಗಳ

ಕಾಲ್ಡರ್ ಬೀದಿಯಲ್ಲಿ ಒಬ್ಬ ಮಹಾಪುರುಷನಿದ್ದ. ಅವನು ಮುಂದಕ್ಕೆ ನಡೆದದ್ದನ್ನು ಕಂಡವರು ಯಾರೂ ಇರಲಿಲ್ಲ.

ಪಂದ್ಯದ ಭಾನುವಾರ ಬೆಳಿಗ್ಗೆ, ಸರೋವರದ ಕಡೆಯ ಗಾಳಿ ಕಿವಿ ಕತ್ತರಿಸುತ್ತಿರುವಾಗ, ಅವನು ಕಿತ್ತಳೆ ಬಣ್ಣದ ಬಾವುಟವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ಅಂಚಿಗೆ ಬರುತ್ತಿದ್ದ. ನಿಮ್ಮ ಕಾರಿನ ಮೂತಿಗೆ ಮುಖ ಕೊಟ್ಟು, ಮೊಣಕಾಲು ತುಸು ಬಗ್ಗಿಸಿ, ಎರಡೂ ಅಂಗೈಗಳನ್ನು ಎದೆಮಟ್ಟಕ್ಕೆ ಎತ್ತಿ, ಹಿಂದೆ ಹಿಂದೆ ಸರಿಯುತ್ತ ನಿಮ್ಮನ್ನು ತನ್ನ ಅಂಗಳದೊಳಕ್ಕೆ ಎಳೆದುಕೊಳ್ಳುತ್ತಿದ್ದ. ಹಿಂದೆ ಕಸದ ಡಬ್ಬಿ ಇರಲಿ, ಅಂಚೆಪೆಟ್ಟಿಗೆಯ ಕಂಬವಿರಲಿ, ಕೆಂಡ ತುಂಬಿದ ಒಲೆಯಿರಲಿ, ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಒಮ್ಮೆಯೂ ಎಡವುತ್ತಿರಲಿಲ್ಲ. ಅವನ ಹೆಡಕಿನಲ್ಲಿ ಇನ್ನೊಂದು ಜೊತೆ ಕಣ್ಣಿದೆ, ಟೋಪಿ ತೆಗೆಯದಿರುವುದು ಅದಕ್ಕೇ ಎಂದು ಬೀದಿಯ ಮಕ್ಕಳು ನಂಬಿದ್ದರು. ದೊಡ್ಡವರು ಇನ್ನೂ ದೊಡ್ಡದನ್ನು ನಂಬಿದ್ದರು. ಮಹಾ ಹಿಮಪಾತದ ವಾರ ಇಡೀ ಊರು ಬಾಗಿಲು ಹಾಕಿಕೊಂಡಿದ್ದಾಗ ಅವನು ಹಿಂದಕ್ಕೆ ನಡೆದೇ ಅಂಗಡಿಗೆ ಹೋಗಿ, ಬರುವಾಗ ಮಾತ್ರ ನೋಡುವವರಿಲ್ಲವೆಂದು ಮುಂದಕ್ಕೆ ನಡೆದು ಹಾಲು ತಂದನಂತೆ. ಹಿಮದ ಮೇಲಿನ ಹೆಜ್ಜೆ ನೋಡಿದ ಪೊಲೀಸನಿಗೆ, ಒಬ್ಬ ಮನುಷ್ಯ ಈ ಮನೆಗೆ ಬಂದಿದ್ದಾನೆ, ಮತ್ತೆ ಬಂದಿದ್ದಾನೆ, ಹೊರಗೆ ಮಾತ್ರ ಹೋಗಿಲ್ಲ ಎಂದು ತೋರಿ, ಒಳಗೆ ಇಬ್ಬರಿದ್ದಾರೆ ಎಂದು ಬರೆದುಕೊಂಡು ಹೋದನಂತೆ.

ಒಳಗೆ ಒಬ್ಬನೇ ಇದ್ದ. ಯಾವಾಗಲೂ ಒಬ್ಬನೇ.

ನಮ್ಮ ಊರಿನ ಫುಟ್‌ಬಾಲ್ ಮೈದಾನ ಮನೆಗಳ ನಡುವೆ ಎದ್ದು ನಿಂತದ್ದು. ನಮ್ಮದು ಚೆಂಡನ್ನು ಕೈಯಲ್ಲಿ ಹಿಡಿದು ಗೆರೆ ದಾಟಿಸುವ ಅಮೆರಿಕದ ಫುಟ್‌ಬಾಲ್. ಕಾರು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಸುತ್ತಲ ಬೀದಿಗಳವರೆಲ್ಲ ಪಂದ್ಯದ ದಿನ ತಮ್ಮ ಹುಲ್ಲಿನಂಗಳವನ್ನೇ ಬಾಡಿಗೆಗೆ ಬಿಡುತ್ತಾರೆ. ಬೆಳಿಗ್ಗೆ ಬಂದು ಕಾರು ನಿಲ್ಲಿಸಿ, ಅದರ ಬೆನ್ನಿಗೇ ಒಲೆ ಹೂಡಿ, ಸಾಸೇಜ್ ಸುಟ್ಟು, ಬಿಯರ್ ಕುಡಿದು, ಮಧ್ಯಾಹ್ನ ನಡೆದುಕೊಂಡು ಮೈದಾನಕ್ಕೆ ಹೋಗುವುದು ನಮ್ಮ ಧರ್ಮ. ಒಬ್ಬರ ಅಂಗಳ ಹಿಡಿದ ಮೇಲೆ ಬದಲಿಸುವುದು ಅಧರ್ಮ. ಹಿಂದಕ್ಕೆ ನಡೆಯುವವನ ಅಂಗಳ ಹಿಡಿದಿದ್ದವರು ನಾವು ನಾಲ್ವರು: ಗ್ಯಾಸ್ ಪೈಪು ಜೋಡಿಸುವ ಮೆರ್ಲ್ ಡಾಂಬ್ರೊ, ಅವನ ಭಾವಮೈದುನನೂ ಶಾಲೆಯ ಗಣಿತ ಮೇಷ್ಟರೂ ಆದ ಲೆಸ್ಟರ್, ವಿಧವೆ ವಾಂಡಾ, ಮತ್ತು ನಾನು. ಹದಿನೆಂಟು ವರ್ಷ ಅಲ್ಲಿ ತಿಂದು ಕುಡಿದೆವು. ಅವನನ್ನು ‘ಬಾಸ್’ ಎಂದು ಕರೆಯುತ್ತಿದ್ದೆವು. ಮೊದಲ ವರ್ಷ ಹೆಸರು ಕೇಳುವುದು ಮರೆತುಹೋಯಿತು. ಎರಡನೇ ವರ್ಷ ಕೇಳಲು ನಾಚಿಕೆಯಾಯಿತು. ಅನಂತರ, ಅವನ ತಟ್ಟೆಯಲ್ಲಿ ಅಷ್ಟು ತಿಂದ ಮೇಲೆ, ‘ಅಂದ ಹಾಗೆ ನೀನು ಯಾರು?’ ಎನ್ನುವುದು ಹೇಗೆ? ಅವನೂ ಹೇಳಲಿಲ್ಲ. ನಮ್ಮ ಹೆಸರುಗಳೆಲ್ಲ ಅವನಿಗೆ ಗೊತ್ತಿದ್ದವು. ವಾಂಡಾರ ಮೊಮ್ಮಕ್ಕಳ ಹೆಸರು, ಮೆರ್ಲನ ರಕ್ತದೊತ್ತಡದ ಮಾತ್ರೆಯ ಬಣ್ಣ ಕೂಡ.

ಪ್ರತಿ ಋತುವಿನ ಕೊನೆಯ ಭಾನುವಾರ ಆ ಅಂಗಳದಲ್ಲಿ ನ್ಯಾಯಾಲಯ ಕೂರುತ್ತಿತ್ತು. ವಿಚಾರಣೆಗೆ ಇದ್ದದ್ದು ಒಂದೇ ವಿಷಯ: ನಮ್ಮ ತಂಡ ಮೊದಲ ಸುತ್ತಿನಲ್ಲಿ ಆರಿಸಿಕೊಂಡವರಲ್ಲಿ ಅತ್ಯಂತ ದಂಡಪಿಂಡ ಯಾರು?

ಪ್ರತಿ ವಸಂತದಲ್ಲೂ ಒಂದು ಸ್ವಯಂವರ ನಡೆಯುತ್ತದೆ. ಕಾಲೇಜು ಮೈದಾನಗಳಲ್ಲಿ ಹೆಸರು ಮಾಡಿದ ಹುಡುಗರು ಹೊಸ ಸೂಟು ತೊಟ್ಟು, ಪಕ್ಕದಲ್ಲಿ ತಾಯಂದಿರನ್ನು ಕೂರಿಸಿಕೊಂಡು ಕಾಯುತ್ತಾರೆ. ದೊಡ್ಡ ತಂಡಗಳು ಸರದಿಯ ಮೇಲೆ ಒಬ್ಬೊಬ್ಬರ ಹೆಸರು ಕೂಗಿ ವರಿಸುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಸೋಲುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲವಾದ್ದರಿಂದ ಸರದಿಯ ಮುಂಭಾಗದಲ್ಲಿ ನಾವು ಸದಾ ಇರುತ್ತಿದ್ದೆವು, ಮತ್ತು ಸದಾ ತಪ್ಪು ವರನಿಗೆ ಮಾಲೆ ಹಾಕುತ್ತಿದ್ದೆವು. ಆ ರಾತ್ರಿ ಊರೆಲ್ಲ ಕುಣಿಯುತ್ತಿತ್ತು. ಮೂರು ವರ್ಷದಲ್ಲಿ ಅದೇ ಊರು ಆ ಹುಡುಗನ ಹೆಸರನ್ನು ಬೈಗುಳವಾಗಿ ಬಳಸುತ್ತಿತ್ತು.

ಅವರೆಲ್ಲ ಏನಾದರು ಎಂಬುದು ಲೆಸ್ಟರನಿಗೆ ಬಾಯಿಪಾಠ.

“ಚಿನ್ನದ ತೋಳಿನವನು ಈಗ ಅರಿಜೋನಾದಲ್ಲಿ ಮನೆ ಮಾರ್ತಾನೆ. ಬಸ್ ನಿಲ್ದಾಣದ ಬೆಂಚಿನ ಮೇಲೆಲ್ಲ ಅವನ ಫೋಟೋ. ಜನ ಅದರ ಮೇಲೇ ಕೂರ್ತಾರೆ.”

“ಕೂರ್ಲಿ. ನಾನೂ ಹೋಗಿ ಕೂತ್ಕೊಂಡು ಬರ್ತೀನಿ,” ಎನ್ನುತ್ತಿದ್ದ ಮೆರ್ಲ್.

“ಬಸ್ಸಿಂದ ಇಳೀವಾಗ ಮಂಡಿ ಮುರ್ಕೊಂಡನಲ್ಲ ಆ ಓಟಗಾರ, ಅವನು ತುಲ್ಸಾದಲ್ಲಿ ಪಾದ್ರಿ.”

“ನಮ್ಮ ಊರಲ್ಲಿ ಆಡಿದೋರಿಗೆ ದೇವರೇ ಗತಿ ಕಣಪ್ಪ,” ಎನ್ನುತ್ತಿದ್ದರು ವಾಂಡಾ.

“ಆ ಎತ್ತರದವನು ಫ್ಲೋರಿಡಾದಲ್ಲಿ ಹೆಣ್ಣುಮಕ್ಕಳಿಗೆ ವಾಲಿಬಾಲ್ ಹೇಳ್ಕೊಡ್ತಾನೆ. ಚೆನ್ನಾಗಿ ಹೇಳ್ಕೊಡ್ತಾನಂತೆ. ಇನ್ನು ಎಪ್ಪತ್ತೊಂದು...”

ಎಪ್ಪತ್ತೊಂದು ಎಂದ ಕೂಡಲೇ ನ್ಯಾಯಾಲಯದಲ್ಲಿ ಗದ್ದಲವೇಳುತ್ತಿತ್ತು.

ಎಪ್ಪತ್ತೊಂದು ಸಂಖ್ಯೆಯ ಅಂಗಿ ತೊಟ್ಟು ಆಡುತ್ತಿದ್ದ ಆರ್ವಿಲ್ ಕ್ವೆಬೆಡೋ ಲೂಸಿಯಾನದ ಕೆಸರುನಾಡಿನಿಂದ ಬಂದ ಪರ್ವತ. ಗಡ್ಡ ಎದೆಯವರೆಗೆ, ತೊಡೆ ಒಂದೊಂದೂ ಒಂದೊಂದು ಪೀಪಾಯಿ. ಸಾಲಿನ ಎಡತುದಿಯಲ್ಲಿ ನಿಲ್ಲುವವನು. ಆ ಜಾಗದವನ ಕೆಲಸ ಚೆಂಡೆಸೆಯುವ ನಾಯಕನ ಬೆನ್ನು ಕಾಯುವುದು. ಎದುರಾಳಿ ನುಗ್ಗಿ ಬಂದಾಗ ಅವನಿಗೆ ಮುಖ ಕೊಟ್ಟು, ಮೊಣಕಾಲು ಬಗ್ಗಿಸಿ, ಅಂಗೈ ಎತ್ತಿ, ಹಿಂದೆ ಹಿಂದೆ ಸರಿಯುತ್ತ ತಡೆಯಬೇಕು. ಚೆಂಡು ಮುಟ್ಟುವ ಹಾಗಿಲ್ಲ, ಓಡುವ ಹಾಗಿಲ್ಲ. ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ವರ್ಷ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಮೂರನೇ ವರ್ಷ, ಜನ್ಮದಲ್ಲಿ ಒಮ್ಮೆ ಎಂಬಂತೆ ನಮ್ಮ ತಂಡ ಗೆಲ್ಲುತ್ತಿದ್ದ ಚಳಿಗಾಲದಲ್ಲಿ, ಎದುರಾಳಿಯೊಬ್ಬ ಹೊರಗಿನಿಂದ ಬರುವಂತೆ ಹೆಜ್ಜೆ ಹಾಕಿ ಒಳಗಿನಿಂದ ನುಗ್ಗಿದ. ಕ್ವೆಬೆಡೋ ಎರಡೂ ತೋಳು ಚಾಚಿ, ಇಲ್ಲದ ಮನುಷ್ಯನೊಬ್ಬನನ್ನು ಹೊರಗೆ ತಡೆದ. ನೋಡಿದವರಿಗೆ, ಬೆಳಿಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದಂತೆ ಕಂಡಿತು. ನಮ್ಮ ನಾಯಕನ ಕೊರಳೆಲುಬು ಮುರಿದ ಸದ್ದು ಮೂರನೇ ಅಂತಸ್ತಿನವರೆಗೆ ಕೇಳಿಸಿತೆಂದು ಹೇಳುತ್ತಾರೆ. ಗೆಲ್ಲುವುದು ಅಲ್ಲಿಗೆ ನಿಂತಿತು. ಇಂದಿಗೂ ನಮ್ಮ ಊರಲ್ಲಿ ಯಾರಾದರೂ ಕೈಗೆ ಬಂದದ್ದನ್ನು ಬಿಟ್ಟರೆ ‘ಪರದೆ ಸರಿಸಿದ’ ಎನ್ನುತ್ತಾರೆ.

“ಆ ಮನೆ ಮಾರೋನು ಚೆಂಡಾದ್ರೂ ಎಸೆದ,” ಮೆರ್ಲ್ ಬಿಯರ್ ಡಬ್ಬಿಯನ್ನೇ ಸುತ್ತಿಗೆಯಾಗಿ ಕುಟ್ಟುತ್ತಿದ್ದ. “ಎದುರಾಳಿಗೇ ಎಸೆದ, ಆದ್ರೂ ಎಸೆದ. ಎಪ್ಪತ್ತೊಂದು ಏನ್ ಮಾಡ್ದ? ‘ಬನ್ನಿ ಸ್ವಾಮಿ, ಬನ್ನಿ, ನಮ್ಮ ಯಜಮಾನ್ರು ಒಳಗೇ ಇದ್ದಾರೆ, ಯಾವ ಮೂಳೆ ಬೇಕು ನೋಡ್ಕೊಳ್ಳಿ’ ಅಂದ!”

“ಅವನೊಬ್ಬ ಮಾತ್ರ ಈಗ ಎಲ್ಲಿದ್ದಾನೋ ಗೊತ್ತಿಲ್ಲ,” ಎಂದು ಲೆಸ್ಟರ್ ಸಂಕಟಪಡುತ್ತಿದ್ದ. “ಊರಿಗೆ ಹೋಗಿ ಮೊಸಳೆ ಸಾಕ್ತಾನೆ ಅಂತ ಯಾರೋ ಅಂದ್ರು.”

“ಒಂದು ಮೊಸಳೆನಾದ್ರೂ ಉಳಿದಿದ್ಯಾ ಕೇಳು. ಎಲ್ಲ ಒಳಗಡೆಯಿಂದ ನುಗ್ಗಿ ಓಡಿಹೋಗಿರ್ತವೆ.”

ಓಟು ಸಮವಾದಾಗ ಮೆರ್ಲ್ ಒಲೆಯ ಕಡೆ ತಿರುಗುತ್ತಿದ್ದ. “ಬಾಸ್, ನಿನ್ನ ಓಟು?”

“ಎಪ್ಪತ್ತೊಂದಕ್ಕೆ,” ಎನ್ನುತ್ತಿದ್ದ ಬಾಸ್, ಸಾಸೇಜ್ ಮಗುಚಿ ಹಾಕುತ್ತ.

“ನೋಡಿ! ಆಟ ಗೊತ್ತಿರೋನು!”

ಗೊತ್ತಿತ್ತು. ಏಕೆಂದರೆ ಆ ಎಪ್ಪತ್ತೊಂದು ಅವನೇ.

ನಾವು ಕುರುಡರೇ ಎಂದು ನೀವು ಕೇಳಬಹುದು. ಸಾಲಿನಲ್ಲಿ ನಿಂತು ತಳ್ಳಾಡುವವನ ಮುಖ ಯಾರಿಗೆ ಗೊತ್ತು? ಅದು ಶಿರಸ್ತ್ರಾಣದ ಸರಳುಗಳ ಹಿಂದಿರುತ್ತದೆ. ನಮಗೆ ಗೊತ್ತಿದ್ದದ್ದು ಒಂದು ಸಂಖ್ಯೆ, ಒಂದು ಗಡ್ಡ, ಒಂದು ಗಾತ್ರ. ಆಟ ಬಿಟ್ಟ ಮೇಲೆ ದಿನಕ್ಕೆ ಆರು ಊಟ ನಿಲ್ಲಿಸಿ, ಗಡ್ಡ ಬೋಳಿಸಿ, ಅವನು ಒಬ್ಬ ಇಡೀ ಮನುಷ್ಯನಷ್ಟು ತೂಕ ಇಳಿದಿದ್ದ. ಕಳೆದುಹೋದ ಆ ಮನುಷ್ಯನನ್ನೇ ಊರು ಬೈಯುತ್ತಿತ್ತು. ಉಳಿದವನು ಪಕ್ಕದಲ್ಲಿ ನಿಂತು ಸಾಸೇಜ್ ಸುಡುತ್ತಿದ್ದ. ಆಡುತ್ತಿದ್ದ ದಿನಗಳಲ್ಲಿ ಮಿಕ್ಕ ಆಟಗಾರರೆಲ್ಲ ಊರಾಚೆಯ ಬಂಗಲೆಗಳಿಗೆ ಹೋದಾಗ ಇವನು ಮಾತ್ರ ಹಿಮದಲ್ಲಿ ಕಾರು ಓಡಿಸಲು ಹೆದರಿ ಮೈದಾನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಈ ಪುಟ್ಟ ಮನೆ ಕೊಂಡಿದ್ದ. ಹೆಂಡತಿ ಎರಡನೇ ಚಳಿಗಾಲಕ್ಕೆ ಲೂಸಿಯಾನಕ್ಕೆ ಹೊರಟಳು. ಹಿಮ ಕರಗಿದ ಮೇಲೆ ಬರುತ್ತೇನೆ ಎಂದಿದ್ದಳು. ಹಿಮ ಹಲವು ಸಲ ಕರಗಿತು. ಅವನು ಹಾಸಿಗೆ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಇಬ್ಬರು ಎತ್ತುವ ಹಾಸಿಗೆಯನ್ನು ಒಬ್ಬನೇ ಎತ್ತುತ್ತಿದ್ದುದರಿಂದ ಅಲ್ಲಿಯೂ ಅವನಿಗೆ ಜೊತೆಗಾರ ಬೇಕಾಗಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ಆಮೇಲೆ.

ವಾಂಡಾರ ಅಂಗಿಯ ವಿಷಯ ಹೇಳಬೇಕು. ನಮ್ಮೂರಿನಲ್ಲಿ ಆಟಗಾರನ ಹೆಸರು, ಸಂಖ್ಯೆ ಹೊಲಿದ ಅಂಗಿಗೆ ಪ್ರಾಣ ಹೋಗುವಷ್ಟು ಬೆಲೆ. ಕೊಂಡ ಮೇಲೆ ಆಟಗಾರ ದಂಡಪಿಂಡನಾದರೆ ಅಂಗಿ ಎಸೆಯುತ್ತಾರೆಯೇ? ಬೆನ್ನ ಮೇಲಿನ ಹೆಸರಿಗೆ ಬಿಳಿ ಟೇಪು ಅಂಟಿಸಿ, ಅದೇ ಸಂಖ್ಯೆಯಲ್ಲಿ ಆಡುವ ಹೊಸಬನ ಹೆಸರು ಬರೆಯುತ್ತಾರೆ. ವಾಂಡಾರ ಗಂಡ ಸ್ಟಾನ್, ಕ್ವೆಬೆಡೋನನ್ನು ವರಿಸಿದ ಸಂಜೆಯೇ ಹೋಗಿ ಎಪ್ಪತ್ತೊಂದರ ಅಂಗಿ ತಂದಿದ್ದ. ಸ್ಟಾನ್ ಸತ್ತ. ಅಂಗಿ ಉಳಿಯಿತು. “ಅಂಗಿ ಚೆನ್ನಾಗೇ ಇದೆ, ಹೆಸರು ಮಾತ್ರ ಕೆಟ್ಟಿದೆ,” ಎನ್ನುತ್ತಿದ್ದರು ವಾಂಡಾ. ಪ್ರತಿ ಬಾರಿ ಹೊಸ ಎಪ್ಪತ್ತೊಂದು ಬಂದಾಗ ಹಳೇ ಟೇಪಿನ ಮೇಲೇ ಹೊಸ ಟೇಪು. ಅಂಟಿಸುವ ಕೆಲಸ ಬಾಸ್‌ನದು. ಆ ಹೆಸರು ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಚಾಚಿತ್ತು, ಅವನ ಕೈಯೂ ಅದನ್ನು ಮುಚ್ಚುವಷ್ಟು ದೊಡ್ಡದಿತ್ತು. ಅಂಚು ಏಳದಂತೆ ಹೆಬ್ಬೆರಳಿನಿಂದ ನಿಧಾನವಾಗಿ ತೀಡಿ ಒತ್ತುತ್ತಿದ್ದ.

“ಒಳ್ಳೇ ಕೈ ಕಣಪ್ಪ ನಿಂದು,” ಎನ್ನುತ್ತಿದ್ದರು ವಾಂಡಾ.

ಅವನು ಎಂದೂ ನಮ್ಮ ಜೊತೆ ಮೈದಾನಕ್ಕೆ ಬರಲಿಲ್ಲ. ಒಂದು ವರ್ಷ ನನ್ನ ಕಾಲು ಉಳುಕಿತ್ತು. ಉಳಿದವರನ್ನು ಕಳಿಸಿ ನಾನು ಅವನ ಗ್ಯಾರೇಜಿನಲ್ಲೇ ಕೂತೆ. ಹಳೆಯ ಟಿವಿ, ಎರಡು ಮಡಚುವ ಕುರ್ಚಿ. ಆ ಎರಡನೆಯದು ಯಾರೂ ಕೂರದೆ ಗಟ್ಟಿಯಾಗಿತ್ತು, ಬಿಚ್ಚಲು ಇಬ್ಬರೂ ಹೆಣಗಿದೆವು. ಟಿವಿಯಲ್ಲಿ ನಮ್ಮವನೊಬ್ಬ ಚೆಂಡು ಹಿಡಿದು ಇನ್ನೂ ಓಡುವುದರಲ್ಲಿದ್ದ, ಅಷ್ಟರಲ್ಲಿ ಹೊರಗಿನಿಂದ ಎಪ್ಪತ್ತು ಸಾವಿರ ಜನರ ಆರ್ಭಟ ಗೋಡೆಗೆ ಬಡಿಯಿತು.

“ಗೆರೆ ದಾಟ್ದ,” ಎಂದ ಬಾಸ್. ಟಿವಿಯಲ್ಲಿ ಅವನು ದಾಟಿದ್ದು ಸ್ವಲ್ಪ ಹೊತ್ತಿನ ಮೇಲೆ.

ಟಿವಿ ತುಸು ತಡವಾಗಿ ಬರುತ್ತದೆ. ಆ ಗ್ಯಾರೇಜಿಗೆ ಸಂತೋಷ ಮೊದಲು ಬರುತ್ತಿತ್ತು, ಕಾರಣ ಆಮೇಲೆ. ಪ್ರತಿ ಪಂದ್ಯವನ್ನೂ ಅವನು ಹೀಗೆ, ಗೋಡೆಯ ಮೂಲಕ ನೋಡುತ್ತಿದ್ದ.

ಆಮೇಲೆ ಒಂದು ವಸಂತದಲ್ಲಿ ಸುದ್ದಿ ಬಂತು: ಹೆದ್ದಾರಿಯ ಬದಿಯಲ್ಲಿ ಹೊಸ ಮೈದಾನ. ಅದರ ಸುತ್ತ ಸಮುದ್ರದಂತೆ ಡಾಂಬರು ಹಾಸಿದ ಕಾರು ನಿಲ್ದಾಣ. ಹಳೆಯದನ್ನು ಒಡೆಯುತ್ತಾರೆ. ನಾವು ಹೊಸ ಮೈದಾನದ ಬೆಚ್ಚಗಿನ ಆಸನಗಳ ಬಗ್ಗೆ ಮಾತಾಡಿಕೊಂಡೆವು, ಬಾಸ್‌ನ ಒಲೆಯ ಮುಂದೆಯೇ, ಒಂದು ಇಡೀ ಋತು. ಬರುಬರುತ್ತ ಅವನ ಸಾಸೇಜ್ ಸ್ವಲ್ಪ ಸೀಯತೊಡಗಿತು.

ಹಳೇ ಮೈದಾನದ ಕೊನೆಯ ಭಾನುವಾರ ಹಿಮ ಬೀಳುತ್ತಿತ್ತು. ನ್ಯಾಯಾಲಯ ಕೂತಿತ್ತು. ವಾಂಡಾ ಆಲೂಗಡ್ಡೆ ತುಂಬಿದ ಕಡುಬು ಬೇಯಿಸಿ ತಂದಿದ್ದರು. ಬಾಸ್ ಒಲೆಯಿಂದ ತಲೆಯೆತ್ತದೆ, ಗಾಳಿಯನ್ನು ಕೇಳುವವನಂತೆ ಕೇಳಿದ.

“ಮುಂದಿನ ವರ್ಷ ನೀವು?”

“ಪಾಸ್ ತಗೊಂಡಾಯ್ತು ಬಾಸ್, ಹೊಸ ಜಾಗದ್ದು,” ಎಂದ ಮೆರ್ಲ್. “ಆದ್ರೆ ಸಿಗೋಣ. ಫೋನ್ ಮಾಡ್ತೀವಿ. ಖಂಡಿತ ಮಾಡ್ತೀವಿ.”

“ಮಾಡಿ,” ಎಂದ ಬಾಸ್. ನಮ್ಮ ಯಾರ ಹತ್ತಿರವೂ ಅವನ ನಂಬರ್ ಇರಲಿಲ್ಲ. ಇದ್ದಿದ್ದರೂ ಯಾವ ಹೆಸರಿನಡಿ ಹುಡುಕುವುದು? ಅವನೂ ಅದನ್ನೇ ಯೋಚಿಸುತ್ತಿದ್ದನೆಂದು ತೋರುತ್ತದೆ.

ಆಗ ವಾಂಡಾರ ಬೆನ್ನಿನಿಂದ ಟೇಪು ಬಿಚ್ಚಿಕೊಂಡಿತು. ಆ ಚಳಿಗೆ ಯಾವ ಅಂಟು ನಿಲ್ಲುತ್ತದೆ? ಹಲವು ವರ್ಷದ ಪದರವೆಲ್ಲ ಒಟ್ಟಿಗೇ ಒಣ ತೊಗಟೆಯಂತೆ ಎದ್ದು ಹಿಮದ ಮೇಲೆ ಬಿತ್ತು. ಕೆಳಗಿನ ಹೆಸರು ಹೊಚ್ಚ ಹೊಸದಾಗಿತ್ತು, ಬಿಸಿಲು ಮಳೆ ಕಂಡದ್ದೇ ಇಲ್ಲವಲ್ಲ.

“ಅಯ್ಯೋ, ಎಪ್ಪತ್ತೊಂದರ ಭೂತ!” ಮೆರ್ಲ್ ಕಿರುಚಿದ. “ಮುಚ್ಚಿ, ಮುಚ್ಚಿ! ಇವತ್ತೂ ಸೋಲ್ತೀವಿ!”

“ಬಾಸ್, ಟೇಪ್ ತಗೊಂಬಾಪ್ಪ,” ಎಂದು ವಾಂಡಾ ಬೆನ್ನು ತೋರಿಸಿ ನಿಂತರು.

ಬಾಸ್ ಗ್ಯಾರೇಜಿನಿಂದ ಟೇಪಿನ ಸುರುಳಿ ತಂದ. ಉದ್ದಕ್ಕೆ ಹರಿದ. ಎರಡೂ ತುದಿ ಹಿಡಿದು ಆ ಹೆಸರಿನ ಮುಂದೆ ನಿಂತ. ಟೇಪಿನ ಮೇಲೆ ಹಿಮ ಕೂರತೊಡಗಿತು.

“ಬೇಗ ಅಂಟಿಸೋ, ಬೆನ್ನು ಹೆಪ್ಪುಗಟ್ಟುತ್ತೆ.”

“ಇದೊಂದು ದಿನ ಹಾಗೇ ಇರ್ಲಿ ವಾಂಡಾ,” ಎಂದ ಅವನು. “ಅದು ನನ್ನ ಹೆಸರು.”

ನಾವು ನಕ್ಕ ನಗುವಿಗೆ ಮೂರು ಅಂಗಳದಾಚೆಯವರು ತಿರುಗಿ ನೋಡಿದರು. ಮೆರ್ಲನಿಗೆ ಕಣ್ಣಲ್ಲಿ ನೀರು. “ನೀನಾ? ಬಾಸ್, ಆ ನನ್ಮಗ ಒಂದು ಗುಡ್ಡ ಕಣೋ! ನೀನು ಅವನ ಒಂದು ಕಾಲಿಗೂ ಆಗಲ್ಲ!”

“ಇಳ್ದೆ,” ಎಂದ ಬಾಸ್.

“ಸಾಕ್ಷಿ?” ಎಂದ ಗಣಿತ ಮೇಷ್ಟರಾದ ಲೆಸ್ಟರ್.

ಬಾಸ್ ಯೋಚಿಸಿದ. ಗೋಡೆಯ ಮೇಲೆ ಒಂದು ಚಿತ್ರವೂ ಇಟ್ಟುಕೊಂಡಿರಲಿಲ್ಲ. “ನಿಂತು ತೋರಿಸ್ಬಹುದು,” ಎಂದ.

ಅಷ್ಟೇ ಸಾಕಾಯಿತು ಮೆರ್ಲನಿಗೆ. ಕೋಟು ಕಳಚಿ ಎಸೆದ. ಲೆಸ್ಟರನ ಕೈಗೆ ಬಿಯರ್ ಡಬ್ಬಿ ಕೊಟ್ಟು, “ನೀನು ನಾಯಕ, ಇದು ಚೆಂಡು, ಇಲ್ಲಿ ನಿಲ್ಲು,” ಎಂದ. ತಾನು ಹತ್ತು ಹೆಜ್ಜೆ ಆಚೆ ಹೋಗಿ ಗೂಳಿಯಂತೆ ಹಿಮ ಕೆದರಿದ. ಅರವತ್ತು ದಾಟಿದ ಗೂಳಿ, ಒಂದು ಪೀಪಾಯಿ ಬಿಯರ್ ಹೊಟ್ಟೆ. ಬಾಸ್ ಲೆಸ್ಟರನ ಮುಂದೆ ಬಗ್ಗಿ ಒಂದು ಕೈ ನೆಲಕ್ಕೂರಿದ. ಅವನು ಹಾಗೆ ಬಗ್ಗಿದ ಕೂಡಲೇ ನನ್ನ ನಗು ನಿಂತಿತು. ಇಷ್ಟು ವರ್ಷ ಕಾರು ಕರೆಯುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ. ಅಲ್ಲೊಂದು ಬಾಗಿಲಿತ್ತು, ಮುಚ್ಚಿದ ಬಾಗಿಲು.

ಮೆರ್ಲ್ ಆರ್ಭಟಿಸಿ ಹೊರಬದಿಯಿಂದ ನುಗ್ಗಿದ. ಬಾಸ್ ಹಿಂದೆ ಸರಿದ, ಒಂದು, ಎರಡು, ಎಷ್ಟು ಹಗುರಾಗಿ! ಅಂಗೈಗಳು ಎದ್ದವು. ನಮ್ಮ ಊರು ಕೂಗಿ ವರಿಸಿದ್ದು ಏನನ್ನು ಕಂಡು ಎಂದು ನನಗೆ ಆ ಕ್ಷಣ ಅರ್ಥವಾಯಿತು. ಮುಂದಿನ ಕ್ಷಣ ಮೆರ್ಲ್ ಸಾಸೇಜಿನ ಜಿಡ್ಡು ಹೆಪ್ಪುಗಟ್ಟಿದ ಜಾಗದ ಮೇಲೆ ಕಾಲಿಟ್ಟ. ಕಾಲು ಜಾರಿ, ತನ್ನ ಇಚ್ಛೆಗೆ ಸಂಪೂರ್ಣ ವಿರುದ್ಧವಾಗಿ, ಇಡೀ ಮೆರ್ಲ್ ಒಳಬದಿಗೆ ಹಾರಿದ. ಬಾಸ್ ಎರಡೂ ತೋಳು ಚಾಚಿ, ಇಲ್ಲದ ಮೆರ್ಲನನ್ನು ಹೊರಗೆ ಭವ್ಯವಾಗಿ ತಡೆದ. ಪರದೆ ಸರಿಯಿತು. ಮೆರ್ಲ್ ಸೀದಾ ಹೋಗಿ ಲೆಸ್ಟರನಿಗೆ ಬಡಿದ. ಇಬ್ಬರೂ ಕಡುಬಿನ ಮೇಜಿನ ಮೇಲೆ ಬಿದ್ದರು. ಮೇಜು ಮುರಿಯಿತು.

ಬಾಸ್ ಮಂಡಿಯೂರಿ ತನ್ನ ಖಾಲಿ ಕೈಗಳನ್ನು ನೋಡುತ್ತಿದ್ದ. ಮುರಿದ ಮೇಜಿನಡಿಯಿಂದ, ಕನ್ನಡಕದ ಮೇಲೆ ಆಲೂಗಡ್ಡೆ ಮೆತ್ತಿಕೊಂಡ ಲೆಸ್ಟರನ ದನಿ ಬಂತು.

“ಅವನೇ.”

“ಅವನೇ,” ಎಂದ ಮೆರ್ಲ್, ಚರ್ಚಿನಲ್ಲಿ ಮಾತಾಡುವ ದನಿಯಲ್ಲಿ. “ದೇವರಾಣೆ ಅವನೇ.”

ಇಲ್ಲಿ ಎಲ್ಲರೂ ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಆದರೆ ಆದದ್ದು ಬೇರೆ. ಮೆರ್ಲ್ ಎದ್ದು, ಹಿಮ ಕೊಡವಿ, ಬಾಸ್‌ನತ್ತ ಕೈ ಚಾಚಿದ. “ನಾವು ಹೇಳಿದ್ದೆಲ್ಲ... ತಮಾಷೆಗೆ, ಮಿಸ್ಟರ್ ಕ್ವೆಬೆಡೋ,” ಎಂದ. ಮಿಸ್ಟರ್! ಹದಿನೆಂಟು ವರ್ಷ ಅವನ ಕೈಯಿಂದ ಸಾಸೇಜ್ ಕಸಿದುಕೊಂಡು ತಿಂದವನು. ಮಿಸ್ಟರ್ ಎಂಬುದು ಅವರಿಬ್ಬರ ನಡುವೆ ಬೇಲಿಯಂತೆ ಬಂದು ನಿಂತಿತು. ಲೆಸ್ಟರ್, ಎಲ್ಲರ ಕಥೆ ಗೊತ್ತಿದ್ದವನು, ತನಗೆ ಗೊತ್ತಿಲ್ಲದ ಒಂದೇ ಕಥೆ ಎದುರು ಸಿಕ್ಕಾಗ ಒಂದು ಪ್ರಶ್ನೆಯನ್ನೂ ಕೇಳದೆ ಮುರಿದ ಮೇಜಿನ ಕಾಲುಗಳನ್ನು ಜೋಡಿಸುತ್ತ ಕೂತ. ವಾಂಡಾ ಮಾತ್ರ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಸ್ಟಾನ್ ನಿನ್ನ ಅಂಗಿಗೆ ಪೂರ್ತಿ ಬೆಲೆ ಕೊಟ್ಟಿದ್ದ ಕಣಪ್ಪ,” ಎಂದರು.

“ಗೊತ್ತು. ಪ್ರತಿ ವರ್ಷ ಹೇಳ್ತೀರಿ.”

ಆ ದಿನ ನಾವು ಬೇಗನೆ ಮೈದಾನಕ್ಕೆ ಹೊರಟೆವು, ಬಹಳ ಬೇಗ. ಅಂಗಳ ದಾಟುವಾಗ ತಿರುಗಿ ನೋಡಿದೆ. ಅವನು ಹಿಮದಿಂದ ಕಡುಬುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕುತ್ತಿದ್ದ. ಪಂದ್ಯ ಮುಗಿಸಿ ಬಂದಾಗ ಕಾರುಗಳ ಗಾಜಿನ ಮೇಲಿನ ಹಿಮವನ್ನೆಲ್ಲ ಕೆರೆದು ಇಟ್ಟಿದ್ದ. ಮನೆಯೊಳಗೆ ದೀಪ ಇತ್ತು. ಹೊರಗೆ ಬರಲಿಲ್ಲ. ಕಾರುಗಳನ್ನು ನಾವೇ ಹಿಂದಕ್ಕೆ ತೆಗೆದೆವು. ಮೆರ್ಲ್ ಕಸದ ಡಬ್ಬಿಗೆ ಗುದ್ದಿದ.

ಮುಂದಿನ ಸೆಪ್ಟೆಂಬರಿನ ಮೊದಲ ಭಾನುವಾರ ನಾನು ಹೊಸ ಮೈದಾನದ ದಾರಿ ಹಿಡಿದೆ. ಹೆದ್ದಾರಿಗೆ ಏರುವ ತಿರುವಿನಲ್ಲಿ ಕೈ ತಾನಾಗಿ ಹಳೇ ಕಡೆಗೇ ಹೊರಳಿತು. ಒಳ್ಳೆಯತನ ಎಂದು ಹೇಳಿಕೊಳ್ಳಲಾರೆ. ಹೊಸ ನಿಲ್ದಾಣದಲ್ಲಿ ಇದ್ದಿಲಿನ ಒಲೆ ಹೊತ್ತಿಸುವಂತಿಲ್ಲವಂತೆ. ಕಾಲ್ಡರ್ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಮನೆಗಳ ತಲೆಯ ಮೇಲೆ ಸದಾ ಕಾಣುತ್ತಿದ್ದ ಮೈದಾನದ ಗೋಡೆ ಅರ್ಧ ಒಡೆದು, ಬರೀ ಆಕಾಶ ಕಾಣುತ್ತಿತ್ತು. ಉಳಿದ ಅಂಗಳಗಳಲ್ಲಿ ಹುಲ್ಲು ಬೆಳೆದಿತ್ತು. ಒಂದು ಅಂಗಳದ ಅಂಚಿನಲ್ಲಿ ಬಾವುಟ ಸಿಕ್ಕಿಸಿಕೊಂಡು ಅವನು ನಿಂತಿದ್ದ. ಬೀದಿಯಲ್ಲಿ ಬೇರೆ ಕಾರೇ ಇರಲಿಲ್ಲ, ಆದರೂ ಎರಡೂ ಕಡೆ ನೋಡಿ, ಅಂಗೈ ಎತ್ತಿ, ನನ್ನನ್ನು ಹಿಂದೆ ಹಿಂದೆ ಕರೆದುಕೊಂಡು ಹೋಗಿ, ಇಡೀ ಅಂಗಳ ಖಾಲಿಯಿದ್ದರೂ ನನ್ನ ಹಳೇ ಮೂಲೆಯಲ್ಲೇ ನಿಲ್ಲಿಸಿದ.

ಸ್ವಲ್ಪ ಹೊತ್ತಿಗೆ ವಾಂಡಾ ಬಂದರು. ಮೆರ್ಲ್ ಬರಲಿಲ್ಲ, ಲೆಸ್ಟರ್ ಬರಲಿಲ್ಲ. ಅವರ ಜಾಗಗಳನ್ನು ಅವನು ಬಿಟ್ಟೇ ಇದ್ದ. ವಾಂಡಾ ಅದೇ ಅಂಗಿ ತೊಟ್ಟಿದ್ದರು. ಬೆನ್ನ ಮೇಲೆ ಹೊಸ ಟೇಪು, ಅದರ ಮೇಲೆ ಹೊಸ ಹೆಸರು.

“ಬೇಜಾರು ಮಾಡ್ಕೋಬೇಡ ಕಣಪ್ಪ. ಹೊಸ ಹುಡುಗ ಚೆನ್ನಾಗಿ ಆಡ್ತಾನೆ.”

“ಚೆನ್ನಾಗೇ ಆಡ್ತಾನೆ. ಕಾಲು ಹಗುರ,” ಎಂದ ಅವನು. ಒಂದು ತುದಿ ಎದ್ದಿತ್ತು. ಹೆಬ್ಬೆರಳಿನಿಂದ ತೀಡಿ ಒತ್ತಿದ.

ಗ್ಯಾರೇಜಿನಲ್ಲಿ ಈಗ ಮೂರು ಕುರ್ಚಿ. ಟಿವಿಯಲ್ಲಿ ನಮ್ಮವನೊಬ್ಬ ಗೆರೆ ದಾಟಿದ. ಗೋಡೆಯಾಚೆಯಿಂದ ಏನೂ ಬರಲಿಲ್ಲ. ಮೂವರೂ ಸ್ವಲ್ಪ ಹೊತ್ತು ಕಾದೆವು. ಕಾರಣ ಬಂದಿತ್ತು, ಸಂತೋಷ ಬರಲಿಲ್ಲ. ಕೊನೆಗೆ ವಾಂಡಾ ಒಬ್ಬರೇ ಚಪ್ಪಾಳೆ ತಟ್ಟಿದರು.

ಚಳಿಗಾಲವಿಡೀ ನಾನು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಮೆರುಗು ಕೊಟ್ಟು ಇಟ್ಟುಕೊಂಡಿದ್ದೆ. ಪಂದ್ಯದ ಮಧ್ಯವಿರಾಮದಲ್ಲಿ ಅವನು ಒಲೆಯ ಮುಂದೆ ನಿಂತಾಗ ಎದ್ದು ಹೋಗಿ ಕೇಳಿದೆ. ಅದು ಚಿಕ್ಕ ಪ್ರಶ್ನೆಯಲ್ಲ. ರಾಜರು ಅಜ್ಞಾತವಾಸ ಮಾಡಿದ್ದುಂಟು, ಋಷಿಗಳು ನಿಂದೆ ಕೇಳಿ ಪಾಪ ಕಳೆದುಕೊಂಡದ್ದುಂಟು. ಆದರೆ ಹದಿನೆಂಟು ವರ್ಷ ತನ್ನದೇ ಅಂಗಳದಲ್ಲಿ, ತನ್ನದೇ ಒಲೆಯ ಮುಂದೆ, ತನ್ನನ್ನೇ ಬೈಯುವವರಿಗೆ ಉಣಬಡಿಸಿ, ತನ್ನ ವಿರುದ್ಧವೇ ಓಟು ಹಾಕಿ ಒಂದು ಮಾತೂ ಆಡದವನನ್ನು ನಾನು ಎಲ್ಲೂ ಕೇಳಿಲ್ಲ.

“ಇದು ಪ್ರಾಯಶ್ಚಿತ್ತವಾ?” ಎಂದೆ. “ಕ್ಷಮೆಯಾ? ಊರಿನ ಮೇಲಿನ ಪ್ರೀತಿನಾ? ನೀನು ಯಾರು ಅಂತ ಒಂದು ಸಲನೂ ಯಾಕೆ ಹೇಳ್ಲಿಲ್ಲ?”

ಅವನು ಸಾಸೇಜ್ ಮಗುಚಿ ಹಾಕಿದ.

“ಹೇಳಿದ್ರೆ ನೀವು ಎದುರುಮನೇಲಿ ಕಾರು ನಿಲ್ಲಿಸ್ತಿದ್ರಿ,” ಎಂದ.